ಬಿರುಮಳೆಯಲ್ಲಿ ಉಪಗ್ರಹದ ಅಲೆಗಳು ಕುಗ್ಗುವ ವಿಚಾರ

ಅಶ್ವಿನಿ ಭರಣಿ ಮಳೆಗಳ ಕಾಲದಲ್ಲಿ, ಸಾಯಂಕಾಲ ಗುಡುಗುಮಳೆ ಹಿಡಿದೊಡನೆ, ಮನೆಯ ಮೇಲಣ ಡಿಶ್ಶಿನ ಮೂಲಕ ಬರತಕ್ಕ ದೂರದರ್ಶನದ ಚಿತ್ರವು ಚೂರುಚೂರಾಗಿ ಕಡೆಗೆ ನಿಂತೇ ಹೋಗುವುದು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಅನುಭವಸಿದ್ಧವಾದ ಸಂಗತಿಯಷ್ಟೆ. ಹವಾಮಾನದ ಎಚ್ಚರಿಕೆಯನ್ನು ಕೇಳಬೇಕಾದ ಹೊತ್ತಿನಲ್ಲಿಯೇ ಹೀಗಾಗುವುದರಿಂದ ಇದರ ಕಾರಣವನ್ನು ಅರಿತಿರುವುದು ಅವಶ್ಯಕವು.

ಈ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿರುವುವು. ಅಷ್ಟು ದಾರಿಯನ್ನು ನಿರಾತಂಕವಾಗಿ ಬಂದ ಅಲೆಯು ಕೆಡುವುದು ಕಡೆಯ ಐದಾರು ಕಿಲೋಮೀಟರಿನಲ್ಲಿ ಮಾತ್ರ. ಯಾತಕ್ಕೆಂದರೆ, ಉಷ್ಣವಲಯದಲ್ಲಿ ಸುಮಾರು 5 ಕಿಲೋಮೀಟರಿನಿಂದ ಮೇಲಕ್ಕೆ ನೀರು ಬಹುಮಟ್ಟಿಗೆ ಹಿಮದ ಹರಳಾಗಿರುವುದು. ಹರಳು ಅಲೆಯನ್ನು ಅಷ್ಟಾಗಿ ಹೀರಲಾರದು. ಕೆಳಗಣ ನೀರಹನಿಗಳಾದರೋ ಅಲೆಯ ಶಕ್ತಿಯಲ್ಲಿ ಒಂದಂಶವನ್ನು ಹೀರಿ ಶಾಖವಾಗಿ ಮಾರ್ಪಡಿಸಿ, ಮತ್ತೊಂದಂಶವನ್ನು ಅತ್ತಿತ್ತ ಚೆದರಿಸುವುವು.

ಅಲೆಯ ಉದ್ದವು ಹನಿಯ ಗಾತ್ರಕ್ಕೆ ಸಮೀಪಿಸಿದಷ್ಟೂ ನಷ್ಟವು ಹೆಚ್ಚು. 1975ನೆಯ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕೆಯ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ವ್ಯವಸಾಯವೇ ಮೊದಲಾದ ಪಾಠಗಳನ್ನು ತೋರಿಸಿದರು. ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದುವು. ಆಗಿನ ಅಲೆಯು ಸುಮಾರು 35 ಸೆಂಟಿಮೀಟರ್ ಉದ್ದವಾದುದರಿಂದ ಮಳೆಗೆ ಜಗ್ಗುವಂಥದಲ್ಲ. ಆದರೆ ಅದನ್ನು ಹಿಡಿಯಲು 3 ಮೀಟರ್ ಅಗಲದ ತಂತಿಬಲೆಯ ತಟ್ಟೆ ಬೇಕಾಗಿತ್ತು. ಈಗಿನ ಡಿಶ್ಶಿಗೆ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಎರಡಡಿಯ ತಟ್ಟೆ ಸಾಕೆಂಬ ಅನುಕೂಲಕ್ಕೆ ನಾವು ತೆರುವ ಬೆಲೆಯೇ ಈ ತೊಂದರೆಯೆನ್ನಬಹುದು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದು ವರ್ಷದ ಒಟ್ಟು ಮಳೆಯಲ್ಲ, ಮಳೆಯ ರಭಸ. ಪುನರ್ವಸು ಪುಷ್ಯಗಳಲ್ಲಿ ಮಲೆನಾಡಿಗೆ ಹಿಡಿಯುವ ಸೋನೆಯು ಗಂಟೆಗೆ 5 ಮಿಲಿಮೀಟರಿನಂತೆ ದಿನವೆಲ್ಲಾ ಸುರಿದರೂ ದಾರಿಯುದ್ದಕ್ಕೂ ಕಳೆಯುವುದು ಅಲೆಯ ಬಲದಲ್ಲಿ ಆರರಲ್ಲೊಂದು ಪಾಲಿನಷ್ಟು, ಚಿತ್ರಕ್ಕೆ ಬಾಧೆಯಿಲ್ಲ. ಬಯಲುಸೀಮೆಯಲ್ಲಿ ಗಂಟೆಗೆ 100 ಮಿಲಿಮೀಟರಿನ ರಭಸದ ಮಳೆ ಕಾಲು ಗಂಟೆ ಬಂದರೆ, ಒಂದೊಂದು ಕಿಲೋಮೀಟರಿಗೂ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಬಲವು ಅಳಿಯುವುದು. ಶೀತದೇಶಗಳಲ್ಲಿ ಇಂಥ ರಭಸ ಅಪರೂಪ. ಆದಕಾರಣ ಅಲ್ಲಿಯ ಲೆಕ್ಕಾಚಾರದಿಂದ ಏರ್ಪಡಿಸಿದ ಸಾಧನವು ನಮ್ಮಲ್ಲಿ ಸಾಲದೆ ಹೋಗಬಹುದು.

ನಮ್ಮೂರಿನಲ್ಲಿ ಹನಿಯೂ ಬೀಳದಿರುವಾಗ ಚಿತ್ರ ಹೋಯಿತೇಕೆ ಎಂದು ಕೆಲವರು ಕೇಳುವುದುಂಟು. ಬೆಂಗಳೂರಿನ ಸೀಮೆಯಲ್ಲಿ ಪ್ರಸಾರಭಾರತಿಯ ಉಚಿತ ಡಿಶ್ಶಿನ ಮುಖವು ಆಗ್ನೇಯದ ಕಡೆಗೆ ಎತ್ತರದಲ್ಲಿರುವುದು. ಆ ದಿಕ್ಕಿನಲ್ಲಿ ಎರಡು ಕಿಲೋಮೀಟರಿನೊಳಗೆ ಸುರಿಯುವ ಮಳೆಯು ಅಲೆಗೆ ಅಡ್ಡವಾಗುವುದು. ಪಡುವಣ ದಿಗಂತದಲ್ಲಿ ಎಷ್ಟು ಸುರಿದರೂ ಅಡ್ಡಿಯಿಲ್ಲ.

ತಟ್ಟೆಯನ್ನು ಎರಡಡಿಯಿಂದ ಮೂರಡಿಗೆ ಹೆಚ್ಚಿಸಿದರೆ ಹಿಡಿಯುವ ಬಲವು ಎರಡೂಕಾಲು ಪಟ್ಟಾಗುವುದು. ಸಾಧಾರಣ ಜೋರುಮಳೆಗೆ ಇದು ಸಾಕು, ಬಿರುಮಳೆಗೆ ಸಾಲದು. ಆದುದರಿಂದ ಊರಿನ ಹೊಣೆ ಹೊತ್ತವರು ಸಿಡಿಲು, ನೆರೆಗಳ ಎಚ್ಚರಿಕೆಗೆ ಡಿಶ್ಶೊಂದನ್ನೇ ನೆಚ್ಚದೆ, ಬ್ಯಾಟರಿಯ ರೇಡಿಯೋವೊಂದನ್ನು ಚಾವಡಿಯಲ್ಲಿ ಇರಿಸತಕ್ಕದ್ದು. ಮಧ್ಯಮ ತರಂಗದ ಅಲೆಗಳು ನೂರಾರು ಮೀಟರ್ ಉದ್ದವಾದುದರಿಂದ ಮಳೆಯು ಅವನ್ನು ಮುಟ್ಟಲಾರದು. ಮಿಂಚಿದಾಗ ಕರಕರ ಶಬ್ದವಾದೀತು, ಅಷ್ಟೆ. ಮೊಬೈಲ್ ದೂರವಾಣಿಯ ಅಲೆಯೂ ಮಳೆಯನ್ನು ತಾಳುವುದಾದರೂ, ವಿದ್ಯುತ್ತು ತಪ್ಪಿ ಗೋಪುರವೇ ನಿಂತರೆ ನಿರುಪಾಯವು.

ಗುಡುಗು ಸಿಡಿಲುಗಳಿರುವಾಗ ಡಿಶ್ಶನ್ನು ತಿರುಗಿಸಲೆಂದು ಮಾಳಿಗೆಯನ್ನು ಹತ್ತುವುದು ಪ್ರಾಣಾಪಾಯಕರವು, ಮೇಲಾಗಿ ವ್ಯರ್ಥವು. ರಭಸ ಇಳಿದೊಡನೆ ಚಿತ್ರವು ತಾನಾಗಿ ಮರಳುವುದು. ಮಳೆ ಬಿಟ್ಟು ಅರ್ಧ ಗಂಟೆಯಾದರೂ ಬಾರದಿದ್ದಲ್ಲಿ, ತಂತಿಯ ಜೋಡಣೆಯೊಳಗೆ ನೀರು ಸೇರಿರುವುದೋ ಗಾಳಿಗೆ ತಟ್ಟೆಯು ಓರೆಯಾಗಿರುವುದೋ ನೋಡಿಸಬೇಕು.