ಲೈಟಿಗೆ ಬರುವ ಪತಂಗ ಯಾವುದು?

ಮಳೆಗಾಲದಲ್ಲಿ ಟ್ಯೂಬ್‌ಲೈಟ್ ಹಾಕಿದ ಕೂಡಲೇ ಕಂದು ಪತಂಗಗಳು ಮುತ್ತಿಕೊಳ್ಳುತ್ತವೆ. ನೋಡೋಕೆ ಎಲ್ಲಾ ಒಂದೇ ಥರ. ಆದ್ರೆ ಹೊಲ ಇರೋ ಮನೆಯಿಂದ ಬಂದ ನಮಗೆ ಇವುಗಳ ವ್ಯತ್ಯಾಸ ದುಡ್ಡಿನ ವಿಷಯ. ಬೆಳೆ ತಿನ್ನೋ ಹುಳುಗಳೇ ಮುಂದೆ ಈ ಪತಂಗಗಳಾಗುತ್ತವೆ.

ವರ್ಗೀಕರಣ ಅಂದ್ರೆ ಕಂಪ್ಯೂಟರಿನಲ್ಲಿ ಫೋಲ್ಡರ್ ಒಳಗೆ ಫೋಲ್ಡರ್ ಇದ್ದ ಹಾಗೆ: ಗಣ, ಕುಟುಂಬ, ಜಾತಿ, ಪ್ರಭೇದ. ಚಿಟ್ಟೆ, ಪತಂಗ ಎರಡೂ ಲೆಪಿಡಾಪ್ಟೆರಾ ಗಣದವು. ಹಾಗಂದ್ರೆ 'ಹುರುಪೆ ರೆಕ್ಕೆ'. ಮುಟ್ಟಿದಾಗ ಬೆರಳಿಗೆ ಅಂಟುವ ಪುಡಿ ಆ ಹುರುಪೆಗಳೇ. ಚಿಟ್ಟೆಯ ಮೀಸೆಯ ತುದಿ ಗುಂಡಗಿದ್ದರೆ, ಪತಂಗದ್ದು ಸಾಮಾನ್ಯವಾಗಿ ದಾರದಂತೆ ಇಲ್ಲವೇ ಗರಿಯಂತೆ ಇರುತ್ತದೆ.

ನಮ್ಮ ಹೊಲದ ದೊಡ್ಡ ವೈರಿಗಳು ನಾಕ್ಟ್ಯುಯಿಡೇ ಕುಟುಂಬದವು. ಲ್ಯಾಟಿನ್‌ನಲ್ಲಿ 'ನಾಕ್ಟುವಾ' ಅಂದ್ರೆ ಗೂಬೆ. ದಪ್ಪ ಮೈ, ಮಂಕು ಬಣ್ಣದ ಮುಂದಿನ ರೆಕ್ಕೆ, ಕೂತಾಗ ಮನೆ ಮಾಳಿಗೆಯ ಇಳಿಜಾರಿನಂತೆ ಮಡಚುವ ಅಭ್ಯಾಸ. ಮೂವರನ್ನು ಗುರುತಿಸೋಣ.

೧. ಹೆಲಿಕೊವರ್ಪಾ ಆರ್ಮಿಜೆರಾ: ಯಲಬುರ್ಗಾ ಕಡೆಯ ಕಡಲೆ, ತೊಗರಿಯ ಕಾಯಿಕೊರಕ. ರೆಕ್ಕೆ ಬಿಚ್ಚಿದರೆ ಸುಮಾರು 3.5ರಿಂದ 4 ಸೆಂ.ಮೀ. ಹಿಂದಿನ ರೆಕ್ಕೆ ಮಸುಕು, ಅಂಚಿಗೆ ಅಗಲವಾದ ಕಪ್ಪು ಪಟ್ಟಿ.

೨. ಸ್ಪೋಡಾಪ್ಟೆರಾ ಲಿಟುರಾ: ಶೇಂಗಾದ ಎಲೆ ತಿನ್ನುವ ಹುಳುವಿನ ಪತಂಗ. ಮುಂದಿನ ರೆಕ್ಕೆ ಮೇಲೆ ಅಡ್ಡಾದಿಡ್ಡಿ ಬಿಳಿ ಗೆರೆ, ಹಿಂದಿನದು ಹೊಳೆಯುವ ಬಿಳಿ.

೩. ಸ್ಪೋಡಾಪ್ಟೆರಾ ಫ್ರುಜಿಪರ್ಡಾ: ಗೋವಿನಜೋಳದ ಸುಳಿ ತಿನ್ನುವ ಸೈನಿಕ ಹುಳು. ಮೂಲ ಅಮೆರಿಕ ಖಂಡ. ಭಾರತದಲ್ಲಿ ಮೊದಲು ಕಂಡಿದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಗಂಡಿನ ಮುಂದಿನ ರೆಕ್ಕೆಯ ತುದಿಗೆ ಬಿಳಿ ಮಚ್ಚೆ. ಹೆಣ್ಣಿಗೆ ಅಷ್ಟು ಎದ್ದು ಕಾಣೋ ಗುರುತಿಲ್ಲ. ಹುಳುವಿನ ತಲೆ ಮೇಲೆ ತಲೆಕೆಳಗಾದ 'ವೈ' ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ.

ಗಂಗಾವತಿ ಭತ್ತದ ಗದ್ದೆಯ ಹಳದಿ ಕಾಂಡಕೊರಕದ ಫೋಲ್ಡರೇ ಬೇರೆ, ಕ್ರ್ಯಾಂಬಿಡೇ ಕುಟುಂಬ. ಹೆಣ್ಣಿನ ಹಳದಿ ಮುಂದಿನ ರೆಕ್ಕೆಗಳ ಮೇಲೆ ಒಂದೊಂದು ಕಪ್ಪು ಚುಕ್ಕೆ ಇರುತ್ತೆ.

ಇಷ್ಟೆಲ್ಲಾ ಯಾಕೆ ಬೇಕು? ಮೋಹಕ ಬಲೆಗೋಸ್ಕರ. ಹೆಣ್ಣು ಪತಂಗ ಬಿಡುವ ವಾಸನೆಯನ್ನೇ ಲ್ಯೂರ್‌ನಲ್ಲಿ ತುಂಬಿರುತ್ತಾರೆ. ಒಂದು ಪ್ರಭೇದದ ಲ್ಯೂರ್‌ಗೆ ಮುಖ್ಯವಾಗಿ ಅದೇ ಪ್ರಭೇದದ ಗಂಡುಗಳು ಬರುತ್ತವೆ, ವೈ-ಫೈ ಪಾಸ್‌ವರ್ಡ್ ಇದ್ದಂಗೆ. ಗೋವಿನಜೋಳದ ಹೊಲದಲ್ಲಿ ಕಾಯಿಕೊರಕದ ಲ್ಯೂರ್ ಕಟ್ಟಿದರೆ ಸೈನಿಕ ಹುಳುವಿನ ಸುದ್ದಿ ಸಿಗೋದಿಲ್ಲ. ಬಲೆ ಖಾಲಿ, ಹೊಲ ಸೇಫ್ ಅಂತ ನಾವು ಸುಮ್ಮನಿರ್ತೀವಿ. ಅಷ್ಟರಲ್ಲಿ ಹುಳು ಸುಳಿ ಸೇರಿರುತ್ತೆ. ಆಮೇಲೆ ಎಣ್ಣಿ ಹೊಡೆದರೂ ಒಳಗೆ ಸರಿಯಾಗಿ ತಾಗೋದಿಲ್ಲ, ಖರ್ಚು ಮಾತ್ರ ನಮ್ಮದೇ. ಸರಿಯಾದ ಬಲೆಯಲ್ಲಿ ಗಂಡುಗಳು ಹೆಚ್ಚಾದರೆ, ಮೊಟ್ಟೆ ಮತ್ತು ಸಣ್ಣ ಹುಳು ಹುಡುಕುವ ಹೊತ್ತು ಬಂತು ಅಂತ ಅರ್ಥ.

ಮುಂದಿನ ಸಲ ಊರಿಗೆ ಹೋದಾಗ ಬಲೆಯಲ್ಲಿ ಸಿಕ್ಕ ಪತಂಗದ ರೆಕ್ಕೆ ಬಿಚ್ಚಿ, ಮುಂದಿನದು ಹಿಂದಿನದು ಎರಡೂ ಕಾಣೋ ಹಾಗೆ ಫೋಟೋ ತೆಗೆಯೋಣ. ಅನುಮಾನ ಇದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸೋಣ. ಹೆಸರು ಗೊತ್ತಾದ ಮೇಲೇ ಔಷಧದ ಮಾತು.