ಮೊದಲು ಕೊಂಬು, ಆಮೇಲೆ ಸಹಿ

ಮೊಳಕಾಲ್ಮೂರು ಸೀರೆಯ ಗಂಟು ಹೊತ್ತು ಮುಂಬೈ, ಪುದುಚೇರಿ ಸುತ್ತುತ್ತಿದ್ದಾಗ ಅಂಟಿಕೊಂಡ ಗೀಳು ಇದು. ವ್ಯಾಪಾರ ಮುಗಿದು ಬಸ್ಸಿಗೆ ಹೊತ್ತಿದ್ದರೆ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೋ ಪುದುಚೇರಿಯ ಭಾನುವಾರದ ಸಂತೆಗೋ ನುಗ್ಗಿ ಫ್ರೆಂಚ್ ಕ್ರಿಸ್ಟಲ್ ಪ್ರಾಣಿಗಳನ್ನು ಹುಡುಕುವುದು. ದೇವಸಮುದ್ರದ ಮನೆಯಲ್ಲಿ ಈಗ ಹತ್ತೊಂಬತ್ತು ಇವೆ. ಅದರಲ್ಲಿ ಮೂರು ಖೋಟಾ. ಮಾರಬಹುದಿತ್ತು, ಆದರೆ ಮಾರುವಾಗ ನಾನೂ ಸುಳ್ಳು ಹೇಳಬೇಕಾಗುತ್ತದೆ. ಇಷ್ಟರಲ್ಲಿ ಕಲಿತದ್ದು ಇದು:

1. ಕ್ರಿಸ್ಟಲ್ ಎಂದರೆ ಸ್ಫಟಿಕವಲ್ಲ. ಮನೆಗೆ ಬಂದವರು ಜಪಮಾಲೆಯ ಕಲ್ಲು ಎಂದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾರೆ. ಇದು ಸೀಸದ ಆಕ್ಸೈಡ್ ಬೆರೆಸಿ ಕರಗಿಸಿದ ಗಾಜು. ಸೀಸದ ಆಕ್ಸೈಡಿನ ಅಂಶ ಕನಿಷ್ಠ ಶೇ. 24 ಇದ್ದರೆ ಮಾತ್ರ ಯುರೋಪಿನಲ್ಲಿ ಅದಕ್ಕೆ ಸೀಸದ ಕ್ರಿಸ್ಟಲ್ ಎಂಬ ಹೆಸರು. ಹೊಸಬರು ಮೂರು ಮನೆತನಗಳನ್ನು ನೆನಪಿಟ್ಟರೆ ಸಾಕು: 1764ರಲ್ಲಿ ಲೊರೇನ್ ಸೀಮೆಯಲ್ಲಿ ಶುರುವಾದ ಬಕಾರಾ, 1878ರಿಂದ ನಾನ್ಸಿ ಊರಿನಲ್ಲಿರುವ ದೋಮ್, ಮತ್ತು ಒಡವೆ ಮಾಡುತ್ತಿದ್ದ ರೆನೆ ಲಲೀಕ್ ಗಾಜಿಗೆ ಇಳಿದು ಕಟ್ಟಿದ ಲಲೀಕ್. ಬಕಾರಾ ಎಂದರೆ ನೀರಿನಂಥ ತಿಳಿ. ಲಲೀಕ್ ಎಂದರೆ ಮಂಜು ಕವಿದಂಥ ಮೈ. ದೋಮ್ ಎಂದರೆ ಗಾಜಿನ ಪುಡಿಯನ್ನು ಅಚ್ಚಿನಲ್ಲಿ ಕರಗಿಸಿ ತೆಗೆದ ಬಣ್ಣ. ಇದು ಒರಟು ಲೆಕ್ಕ, ಆದರೆ ಸಂತೆಯಲ್ಲಿ ನಿಂತವನಿಗೆ ಒರಟು ಲೆಕ್ಕವೇ ಬೇಕು.

2. ತಟ್ಟಿ ನೋಡಬೇಡಿ. ಘಂಟೆಯಂತೆ ನಾದ ಬರುವುದು ತೆಳು ಲೋಟಕ್ಕೆ. ಗಟ್ಟಿ ಗಾಜಿನ ಕರಡಿಯನ್ನು ಎಷ್ಟು ತಟ್ಟಿದರೂ ಟಕ್ ಎನ್ನುತ್ತದೆ, ಅಷ್ಟೆ. ನಾದ ಬರಲಿಲ್ಲವೆಂದು ಒಳ್ಳೆಯ ಬಾತುಕೋಳಿಯೊಂದನ್ನು ಬಿಟ್ಟು ಬಂದ ಸಂಕಟ ಇನ್ನೂ ಇದೆ.

3. ತಕ್ಕಡಿ ನಂಬಿ. ಜರಿ, ರೇಷ್ಮೆ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಮೊದಲು ಗೊಂಬೆಯನ್ನು ತೂಗಿ. ಆಮೇಲೆ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಗೊಂಬೆಗೆ ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತೋರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 620 ಗ್ರಾಮಿನ ಗೊಂಬೆ ಮುಳುಗಿದಾಗ 200 ತೋರಿಸಿದರೆ ಉತ್ತರ 3.1, ಸೀಸ ಚೆನ್ನಾಗಿದೆ. ಕಿಟಕಿ ಗಾಜು, ಸೀಸೆ ಗಾಜು 2.5ರ ಹತ್ತಿರವೇ ನಿಲ್ಲುತ್ತದೆ. 3.1 ಬಂದ ಮಾತ್ರಕ್ಕೆ ಅದು ಫ್ರೆಂಚ್ ಆಗಿಬಿಡುವುದಿಲ್ಲ, ಬೊಹೀಮಿಯಾದವರೂ ಸೀಸ ಹಾಕುತ್ತಾರೆ.

ನನ್ನ ಮೊದಲ ಖೋಟಾ ಸಿಕ್ಕಿಬಿದ್ದದ್ದು ಈ ನೀರಿನಲ್ಲೇ. ಲಲೀಕಿನ ಗುಬ್ಬಿ, ತಳದಲ್ಲಿ 'ಆರ್. ಲಲೀಕ್' ಎಂಬ ಸಹಿ. ರೆನೆ ತೀರಿಕೊಂಡದ್ದು 1945ರಲ್ಲಿ. ಆತ ಇರುವವರೆಗೆ ಸೀಸ ಕಡಿಮೆಯ ಗಾಜನ್ನೇ ಬಳಸುತ್ತಿದ್ದರು; ಪೂರ್ತಿ ಕ್ರಿಸ್ಟಲಿಗೆ ಹೊರಳಿದ್ದು ಆತನ ಮಗ ಮಾರ್ಕ್, ಯುದ್ಧ ಮುಗಿದ ಮೇಲೆ. ಸಹಿಯಲ್ಲಿನ 'ಆರ್' ಬಿಟ್ಟುಹೋದದ್ದೂ ಆಗಲೇ. ಆದರೆ ಗುಬ್ಬಿಗಳ ಮಾದರಿ ಮುಂದುವರಿಯಿತು, ಹಾಗಾಗಿ ಬರೀ ನೋಟಕ್ಕೆ ಹಳೆಯದೂ ಹೊಸದೂ ಒಂದೇ. ನನ್ನ ಗುಬ್ಬಿ 3ರ ಆಸುಪಾಸು ತೂಗಿತು. ಭೂತಗನ್ನಡಿ ಹಿಡಿದರೆ 'ಲಲೀಕ್' ಒಂದು ಕೈಯಿನ ಗೀರು, ಅದರ ಹಿಂದಿನ 'ಆರ್' ಇನ್ನೊಂದು ಕೈಯಿನ ಗೀರು. ಒಂದಕ್ಷರಕ್ಕೆ ಕೊಟ್ಟ ದುಡ್ಡನ್ನು ಹೆಂಡತಿಗೆ ಇವತ್ತಿಗೂ ಹೇಳಿಲ್ಲ.

4. ಬಕಾರಾದ ಗುರುತು ತಳದಲ್ಲಿ ಆಮ್ಲದಿಂದ ಮೂಡಿಸಿದ ಒಂದು ವೃತ್ತ. ಒಳಗೆ ಹೂಜಿ, ಅದರ ಎರಡೂ ಪಕ್ಕ ಲೋಟ. ಇದು ಎಲ್ಲ ವಸ್ತುಗಳಿಗೂ ಬಂದದ್ದು 1936ರಿಂದ. ಅದಕ್ಕೂ ಹಿಂದಿನವಕ್ಕೆ ಕಾಗದದ ಚೀಟಿ ಅಂಟಿಸುತ್ತಿದ್ದರು, ಚೀಟಿ ಎಷ್ಟು ದಿನ ಉಳಿದೀತು? ಗುರುತಿಲ್ಲವೆಂದು ಬಿಸಾಡಬೇಡಿ, ಗುರುತಿದೆಯೆಂದು ಕುಣಿಯಲೂಬೇಡಿ.

5. ಪ್ರಾಣಿ ಬಲ್ಲವರಿಗೆ ತೋರಿಸಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸಬೇಡರ ದೇವರ ಎತ್ತುಗಳಿವೆ. ಅವಕ್ಕೆ ನೊಗ ಹೂಡುವುದಿಲ್ಲ, ಮೇಯಿಸಿ ಕಾಯುವವರು ಕಿಲಾರಿಗಳು. ಪರಿಚಯದ ಕಿಲಾರಿಯೊಬ್ಬರು ಬಿಸಿಲಿಗೆ ನೀರು ಕುಡಿಯಲು ಬಂದಾಗ ನನ್ನ ಬಕಾರಾ ಗೂಳಿಯನ್ನು ಹೆಮ್ಮೆಯಿಂದ ಮುಂದಿಟ್ಟೆ.

"ಹಿಣಿಲೇ ಇಲ್ಲ, ಎಂಥ ಗೂಳಿ ಸ್ವಾಮಿ ಇದು?" ಎಂದರು.

ಪರದೇಶದ ತಳಿಗೆ ಹಿಣಿಲು ಇರುವುದಿಲ್ಲ ಎಂದೆ. ಅವರು ಒಪ್ಪಲಿಲ್ಲ. ಕೊಂಬಿನ ಬುಡದಿಂದ ತುದಿಗೆ ಹೆಬ್ಬೆರಳು ಸವರಿ, "ಹೋಗಲಿ ಬಿಡಿ. ಈ ಬಲಗೊಂಬು ಯಾಕೆ ಮೊಂಡು?" ಎಂದರು. ಮೂರು ವರ್ಷ ಮನೆಯಲ್ಲಿದ್ದ ಗೂಳಿ. ನಾನು ತಳದ ವೃತ್ತ ನೋಡಿದ್ದೆ, ಕೊಂಬು ನೋಡಿರಲಿಲ್ಲ.

ತುದಿ ಮುಕ್ಕಾದರೆ ಅದನ್ನು ಸಾಣೆ ಹಿಡಿದು ಪಾಲಿಶ್ ಮಾಡಿಬಿಡುತ್ತಾರೆ. ಬಕಾರಾದ ಮೈಯೇ ಪಾಲಿಶಿನದು, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಕಿವಿ, ಕೊಂಬು ಇವನ್ನು ಜೋಡಿಯಾಗಿ ಹೋಲಿಸಿ, ಬಾಲ, ಕೊಕ್ಕಿನ ತುದಿ ಸವರಿ ನೋಡಬೇಕು. ಬೆಳಕನ್ನು ಓರೆಯಾಗಿ ಬಿಟ್ಟರೆ ಸಾಣೆ ಹಿಡಿದ ಕಡೆ ಹೊಳಪು ಒಂದಿಷ್ಟು ಅಲುಗುತ್ತದೆ. ಅದಾದ ಮೇಲೆ ನಾನು ಬೆರಳಿನಿಂದಲೇ ಶುರು ಮಾಡುತ್ತೇನೆ, ಕೊನೆಗೆ ತಳ ತಿರುಗಿಸುತ್ತೇನೆ.

6. ಕಿಟಕಿಯಲ್ಲಿ ಇಡಬೇಡಿ. ದುಂಡು ಹೊಟ್ಟೆಯ ಕರಡಿಯೊಂದನ್ನು ಮಗ್ಗದ ಕೋಣೆಯ ಕಿಟಕಿಯಲ್ಲಿ ಕೂರಿಸಿದ್ದೆ. ಏಪ್ರಿಲ್ ಬಿಸಿಲು. ಕೂದಲು ಸುಟ್ಟ ವಾಸನೆ ಬಂತೆಂದು ಓಡಿಬಂದರೆ ಕೆಳಗೆ ಮಡಿಸಿಟ್ಟಿದ್ದ ಸೀರೆಯ ಸೆರಗಿನ ಮೇಲೆ ಕಡಲೆಕಾಳಿನಷ್ಟು ಕಂದು ಮಚ್ಚೆ. ಗಟ್ಟಿ ಗಾಜು ಭೂತಗನ್ನಡಿಯೇ ತಾನೆ. ರೇಷ್ಮೆ ಅಪ್ಪಟ ಎಂಬುದಾದರೂ ಆ ವಾಸನೆಯಿಂದ ಖಾತ್ರಿಯಾಯಿತು. ಕಾಗದವಿದ್ದಿದ್ದರೆ ಹೊತ್ತಿಕೊಳ್ಳುತ್ತಿತ್ತು.

ತೊಳೆಯುವುದೂ ಅಷ್ಟೇ ಜೋಪಾನದ ಕೆಲಸ. ಬೋರ್ ನೀರು ಆರಿದರೆ ಬಿಳಿ ಕಟ್ಟುತ್ತದೆ. ನಾನು ಫಿಲ್ಟರ್ ಘಟಕದ ಕ್ಯಾನಿನ ನೀರು ಬಳಸುತ್ತೇನೆ. ಬಿಸಿನೀರೂ ಬೇಡ, ಫ್ರಿಜ್ಜಿನ ನೀರೂ ಬೇಡ: ದಪ್ಪ ಗಾಜಿನ ಹೊರಗು ಒಳಗಿಗಿಂತ ಬೇಗ ಹಿಗ್ಗಿಯೋ ಕುಗ್ಗಿಯೋ ಬಿರುಕು ಬಿಡುತ್ತದೆ. ಇನ್ನು ಆಯುಧಪೂಜೆಯ ದಿನ ಅವ್ವ ಮಗ್ಗ, ಲಾಳಿಗೆಲ್ಲ ಕುಂಕುಮ ಹಚ್ಚುತ್ತಾ ಬಂದು ಗೂಳಿಯ ಹಣೆಗೂ ಗುಬ್ಬಿಯ ನೆತ್ತಿಗೂ ಇಟ್ಟಳು. ಗೂಳಿ ಒರೆಸಿದರೆ ಹೋಯಿತು. ಗುಬ್ಬಿಯದು ಮಂಜುಮೈ, ಎಣ್ಣೆಗೈಯ ಕುಂಕುಮ ಹೊಕ್ಕು ಕೂತಿತು. ಸೋಪುನೀರು, ಎಳೆಮಕ್ಕಳ ಹಲ್ಲುಜ್ಜುವ ಬ್ರಷ್, ನಾಲ್ಕು ದಿನ. ನೆತ್ತಿಯಲ್ಲಿ ಇನ್ನೂ ತುಸು ಕೆಂಪಿದೆ. ಖೋಟಾ ಗುಬ್ಬಿಗೆ ಅಷ್ಟು ಶೃಂಗಾರ ಸಾಕು ಎಂದು ಬಿಟ್ಟಿದ್ದೇನೆ.

7. ಸಾಗಿಸುವಾಗ ಹಳೇ ಪಂಚೆಯಲ್ಲಿ ಒಂದೊಂದನ್ನೇ ಸುತ್ತಿ, ಡಬ್ಬಿಯ ಸಂದಿಗೆಲ್ಲ ಮಂಡಕ್ಕಿ ತುಂಬುತ್ತೇನೆ. ಉಪ್ಪು, ಎಣ್ಣೆ ಹಾಕದ ಬರಿ ಮಂಡಕ್ಕಿ. ಬಸ್ಸು ಎಷ್ಟು ಕುಲುಕಿದರೂ ಈವರೆಗೆ ಒಂದೂ ಒಡೆದಿಲ್ಲ. ಮನೆ ತಲುಪಿದೊಡನೆ ಡಬ್ಬಿ ಬಿಚ್ಚಬೇಕು, ಇಲ್ಲದಿದ್ದರೆ ರಾತ್ರಿ ಇಲಿ ಬಿಚ್ಚುತ್ತದೆ.