ಬೋರ್ಡಿನ ಮೂಲೆಯ ಹೆಸರು

ದಾವಣಗೆರೆ

ಚಿರಂಜೀವಿ ಸುಹಾಸನಿಗೆ ನಿನ್ನ ಸೋದರಮಾವ ಬರೆಯುವುದು.

ನಿನ್ನ ಉದ್ದನೆಯ ಮೆಸೇಜು ಓದಿದೆ. ಜಿಟಿಎ ವಿಡಿಯೋ ಗೇಮಿನ ಆರನೆಯ ಭಾಗ ಮತ್ತೆ ಮುಂದಕ್ಕೆ ಹೋಯಿತು, 2021ರಲ್ಲಿ ಹಳೆಯ ಮೂರು ಆಟಗಳನ್ನು ಕೆಡಿಸಿಟ್ಟವರನ್ನು ಇನ್ನು ನಂಬುವುದು ಹೇಗೆ ಮಾವ ಎಂದು ಕೇಳಿದ್ದೀಯ. ನಿಮ್ಮಮ್ಮ ಅದನ್ನು ಓದಿ, ‘ಒಂದು ಆಟಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದಾ?’ ಅಂದಳು. ನಾನು ಹಾಗನ್ನುವುದಿಲ್ಲ. ಅಂಗಡಿ ಬೋರ್ಡು ಬರೆದೇ ಬದುಕಿದವನು ನಾನು. ಚೆನ್ನಾಗಿ ಮಾಡಬಲ್ಲವರು ಕಳಪೆ ಕೆಲಸ ಮಾಡಿಕೊಟ್ಟಾಗ ಆಗುವ ಸಂಕಟ ನನಗೆ ಗೊತ್ತು. ಆ ಸಂಕಟ ನಿನ್ನಲ್ಲಿದೆ ಎಂದು ತಿಳಿದು ನನಗೆ ಸಂತೋಷವೇ ಆಯಿತು.

ಜನ ಆ ಆಟಗಳನ್ನು ಅಷ್ಟು ಹಚ್ಚಿಕೊಂಡದ್ದು ಸುಮ್ಮನೆ ಅಲ್ಲ. 2001ರಲ್ಲಿ ಜಿಟಿಎ 3, ಮರುವರ್ಷ ವೈಸ್ ಸಿಟಿ, 2004ರಲ್ಲಿ ಸ್ಯಾನ್ ಆಂಡ್ರಿಯಾಸ್. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕೂತವರು ಅಮೆರಿಕದ ಊರುಗಳನ್ನು ಬೀದಿಬೀದಿಯಾಗಿ ಕಟ್ಟಿದ್ದರು. ವೈಸ್ ಸಿಟಿ ಕಂಪ್ಯೂಟರಿಗೆ ಬಂದದ್ದು 2003ರಲ್ಲಿ. ಆಮೇಲೆ ನಮ್ಮೂರಿನ ಸೈಬರ್ ಸೆಂಟರುಗಳಲ್ಲೂ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಬ್ಬ ಆಡುವುದು, ಉಳಿದವರು ಅವನ ಹೆಗಲ ಮೇಲಿಂದ ಬಗ್ಗಿ ನೋಡುವುದು ನಡೆದಿತ್ತು. ಅದರ ಹೊಡಿ ಬಡಿ ನನಗೆ ಹಿಡಿಸುವುದಿಲ್ಲ, ಆ ಮಾತು ಬೇರೆ. ಆದರೆ ಮಿಷನ್ನು ಮುಗಿಸುವ ಗೊಡವೆಗೇ ಹೋಗದೆ, ಬೈಕು ಹತ್ತಿ ರೇಡಿಯೋ ಹಾಕಿಕೊಂಡು ಸಮುದ್ರದಂಡೆಯ ರಸ್ತೆಯಲ್ಲಿ ಸುಮ್ಮನೆ ಸುತ್ತುವ ಹುಡುಗರನ್ನು ಕಂಡಿದ್ದೇನೆ. ಆ ಊರಿನಲ್ಲಿರುವುದೇ ಅವರಿಗೆ ಸುಖವಾಗಿತ್ತು.

ಅಂಥ ಆಟಗಳ ಹಳೆಯ ಆವೃತ್ತಿಗಳನ್ನು 2021ರ ಅಕ್ಟೋಬರಿನಲ್ಲಿ ಆನ್‌ಲೈನ್ ಅಂಗಡಿಗಳಿಂದ ತೆಗೆದುಬಿಟ್ಟರು. ನವೆಂಬರ್ 11ಕ್ಕೆ ಮೂರನ್ನೂ ಸೇರಿಸಿದ ಡೆಫಿನಿಟಿವ್ ಎಡಿಷನ್ ಎಂಬ ಹೊಸ ಆವೃತ್ತಿ ಬಂತು, ಬೆಲೆ 60 ಡಾಲರ್. ಮಳೆ ಸುರಿದರೆ ಪರದೆ ತುಂಬ ಬಿಳಿ ಗೀರು, ದಾರಿಯೇ ಕಾಣದು. ಪಾತ್ರಗಳ ಮುಖಗಳು ಗುರುತು ಸಿಗದಂತಾಗಿದ್ದವು. ಕಂಪ್ಯೂಟರ್ ಆವೃತ್ತಿಯ ಮಾರಾಟವನ್ನು ಬಿಡುಗಡೆಯ ಬೆನ್ನಿಗೇ ಕೆಲವು ದಿನ ನಿಲ್ಲಿಸಬೇಕಾಯಿತು. ಇದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ದಸರಾಕ್ಕೆ ಬಂದಾಗ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆಯಲ್ಲ, ಆ ಡೋನಟ್ ಅಂಗಡಿ ಇನ್ನೂ ನನ್ನ ಕಣ್ಣಲ್ಲಿದೆ. ಟಫ್ ನಟ್ ಡೋನಟ್ಸ್. ಹಳೆಯದರಲ್ಲಿ ಅಂಗಡಿಯ ಗುರುತಿಗೆ ಬೋಲ್ಟಿಗೆ ಹಾಕುವ ದೊಡ್ಡದೊಂದು ನಟ್ಟು: ಆರು ಮೂಲೆ, ನಡುವೆ ತೂತು. ದೂರದಿಂದ ನೋಡಿದರೆ ಡೋನಟ್, ಹತ್ತಿರ ಬಂದರೆ ಕಬ್ಬಿಣದ ನಟ್ಟು. ಅದನ್ನು ಬರೆದವನು ಎಷ್ಟು ಖುಷಿಯಿಂದ ಬರೆದಿರಬೇಕು! ಹೊಸದರಲ್ಲಿ ಆ ಮೂಲೆಗಳನ್ನೆಲ್ಲ ಸವರಿ ದುಂಡಗೆ ಮಾಡಿಟ್ಟಿದ್ದಾರೆ. ಆ ಕಾಲದ ಆಟಗಳಲ್ಲಿ ಕಾರಿನ ಚಕ್ರವೂ ಮೂಲೆಮೂಲೆಯಾಗಿ ಕಾಣುತ್ತಿತ್ತು, ನಿಜ. ಅದನ್ನು ತಿದ್ದುವ ಭರದಲ್ಲಿ ಮೂಲೆ ಇರಲೇಬೇಕಾದ್ದನ್ನೂ ತಿದ್ದಿದರು. ಇದಕ್ಕೆ ಆರು ಮೂಲೆ ಯಾಕಿದೆ ಎಂದು ಒಂದು ಗಳಿಗೆ ನಿಂತು ನೋಡಿದವರಿಲ್ಲ.

ಗೋಡೆ, ಬೋರ್ಡುಗಳ ಹಳೆಯ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ಕೈಗೆ ಕೊಟ್ಟು ಹಿಗ್ಗಿಸಿದರಂತೆ. ಅದು ಅಕ್ಷರವನ್ನು ಓದಿ ಅರ್ಥ ಮಾಡಿಕೊಂಡು ಬರೆಯುವುದಿಲ್ಲ, ಮಸುಕಾದ ಗೆರೆ ಹೀಗಿದ್ದೀತು ಎಂದು ಊಹಿಸಿ ಚೂಪು ಮಾಡುತ್ತದೆ. ಹಾಗಾಗಿ ಅಂಗಡಿಗಳ ಮೇಲೆ ಕಾಗುಣಿತ ತಪ್ಪಿದ ಹೆಸರುಗಳು. ನಮ್ಮಲ್ಲಿ ಫ್ಲೆಕ್ಸ್ ಬಂದ ಹೊಸದರಲ್ಲಿ ಹೀಗೇ ಆಗುತ್ತಿತ್ತು. ಫಾಂಟ್ ಕೈಕೊಟ್ಟು ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿದ್ದರೂ ಬೆಳಗಾಗುವಷ್ಟರಲ್ಲಿ ಆ ಬೋರ್ಡು ಸರ್ಕಲ್ಲಿನಲ್ಲಿ ಏರಿರುತ್ತಿತ್ತು. ಯಂತ್ರ ಬಂದದ್ದರ ಮೇಲೆ ನನಗೆ ಕೋಪವಿಲ್ಲ. ಅದು ಮಾಡಿಕೊಟ್ಟದ್ದನ್ನು ಒಂದು ಸಲ ಓದಿ ನೋಡದವರ ಮೇಲೆ ಕೋಪ.

ಹಳೆಯ ಆಟಗಳಲ್ಲಿದ್ದ ಮಬ್ಬಿನ ವಿಷಯ ನೀನೇ ನನಗೆ ವಿವರಿಸಿದ್ದು. ಪ್ಲೇಸ್ಟೇಷನ್ 2ರ ಮೆಮೊರಿ 32 ಎಂಬಿ ಮಾತ್ರ, ದೂರದ ಊರನ್ನೆಲ್ಲ ಒಟ್ಟಿಗೆ ಬಿಡಿಸಿ ತೋರಿಸುವ ಶಕ್ತಿ ಅದಕ್ಕಿರಲಿಲ್ಲ. ಅದಕ್ಕೇ ದೂರವನ್ನು ಮಬ್ಬಿನಲ್ಲಿ ಮುಚ್ಚಿದರು. ಆ ಮಬ್ಬಿಗೆ ಬಣ್ಣ ಕೊಟ್ಟರು, ಸ್ಯಾನ್ ಆಂಡ್ರಿಯಾಸ್ ಆಟದ ಲಾಸ್ ಸ್ಯಾಂಟೋಸ್ ನಗರದ ಮೇಲೆ ಕಿತ್ತಳೆ ಬಣ್ಣದ ಹೊಗೆ ಕವಿಯಿತು. ಊರು ದಾಟಿ ಹಳ್ಳಿಯ ದಾರಿ ಹಿಡಿದರೆ ಮುಂದೆ ಏನಿದೆಯೋ ಎನ್ನಿಸಬೇಕು, ಇನ್ನೊಂದು ನಗರ ಬಹಳ ದೂರ ಎನ್ನಿಸಬೇಕು, ಹಾಗಿತ್ತು ಅದು. ಹೊಸ ಆವೃತ್ತಿಯಲ್ಲಿ ಯಂತ್ರಕ್ಕೆ ಬೇಕಾದಷ್ಟು ಶಕ್ತಿಯಿದೆಯೆಂದು ಮಬ್ಬನ್ನೇ ಸರಿಸಿದರು. ಚಿಲಿಯಡ್ ಬೆಟ್ಟದ ನೆತ್ತಿಯಲ್ಲಿ ನಿಂತರೆ ದೂರದ ನಗರಗಳೆಲ್ಲ ಇಲ್ಲೇ ಕಾಲಬುಡದಲ್ಲಿ. ಒಂದು ರಾಜ್ಯದಷ್ಟು ದೊಡ್ಡದೆಂದು ನಂಬಿದ್ದ ನಾಡು ಸಣ್ಣ ದ್ವೀಪವಾಗಿ ಉಳಿಯಿತು. ಹಳಬರು ಇಲ್ಲದ್ದನ್ನು ಇದ್ದಂತೆ ತೋರಿಸಿದ್ದರು, ಹೊಸಬರು ಇದ್ದದ್ದನ್ನೆಲ್ಲ ಬಿಚ್ಚಿಟ್ಟು ಕಳೆದುಕೊಂಡರು.

ಇಷ್ಟರ ಮಟ್ಟಿಗೆ ನಾನು ನಿನ್ನ ಪಕ್ಷ. ಆದರೆ ಆ ಡೆವಲಪರುಗಳನ್ನು ಅಯೋಗ್ಯರು, ಕಳ್ಳರು ಎಂದು ಬೈದಿದ್ದೀಯಲ್ಲ, ಅದು ಬೇಡಪ್ಪ. ಕೆಲಸ ಮಾಡಿದ್ದು ಫ್ಲಾರಿಡಾದ ಗ್ರೋವ್ ಸ್ಟ್ರೀಟ್ ಗೇಮ್ಸ್. ಅದಕ್ಕೆ ಮೊದಲು ಇವೇ ಆಟಗಳನ್ನು ಮೊಬೈಲಿಗೆ ಹೊಂದಿಸಿಕೊಟ್ಟವರು ಅವರೇ. ಮೂರು ದೊಡ್ಡ ಆಟಗಳನ್ನು ಬೇರೆ ಎಂಜಿನ್ನಿಗೆ ಸಾಗಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್, ಕಂಪ್ಯೂಟರ್ ಎಲ್ಲಕ್ಕೂ ಒಂದೇ ದಿನ ಬಿಡುವ ಹೊರೆ ಅವರ ಮೇಲಿತ್ತು. ಇಷ್ಟಾದರೆ ಸಾಕು, ಬಿಡಿ ಎಂದು ಒಪ್ಪಿದವರು ಆ ಆಟಗಳ ಕಂಪನಿ ರಾಕ್‌ಸ್ಟಾರ್ ಮತ್ತು ಅದರ ಒಡೆಯ ಕಂಪನಿ ಟೇಕ್‌-ಟೂ. ಹಳೆಯ ಆಟದ ಕೋಡನ್ನು ಬಿಡಿಸಿ ಮತ್ತೆ ಕಟ್ಟಿದ ಅಭಿಮಾನಿಗಳ ಮೇಲೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೊಕದ್ದಮೆ ಹೂಡಿದ್ದೂ ಟೇಕ್‌-ಟೂನೇ. ಪ್ರಶ್ನೆ ಕೇಳಬೇಕಾದ್ದು ಅಲ್ಲಿ. ನವೆಂಬರ್ 19ಕ್ಕೆ ರಾಕ್‌ಸ್ಟಾರ್ ಕ್ಷಮೆ ಕೇಳಿತು, ಕಂಪ್ಯೂಟರಿಗಾದರೂ ಹಳೆಯ ಆವೃತ್ತಿಗಳನ್ನು ವಾಪಸು ತರುವುದಾಗಿ ಹೇಳಿತು. ಅದೇ ಹೇಳಿಕೆಯಲ್ಲಿ, ತಂಡದವರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಕಿರುಕುಳ ಕೊಡಬೇಡಿ ಎಂದು ಬೇಡಿಕೊಳ್ಳುವ ಹಾಗಾಗಿತ್ತು. ಇಷ್ಟಪಟ್ಟ ಆಟಕ್ಕಾಗಿ ಜನ ಅಷ್ಟು ಕೆಳಗಿಳಿದರಲ್ಲ ಎಂದು ಬಹಳ ಬೇಜಾರಾಯಿತು.

ಬೈಯುವ ಮುನ್ನ ಇದನ್ನೂ ನೆನೆ: ನೀನಿರುವ ಬೆಂಗಳೂರಿನಲ್ಲೇ ರಾಕ್‌ಸ್ಟಾರ್‌ನ ಸ್ಟುಡಿಯೋ ಇದೆ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಅನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು. ನಿನ್ನ ಕೋರ್ಸು ಮುಗಿದ ಮೇಲೆ ನೀನೂ ಅಂಥ ಕಡೆ ಒಂದು ಮೂಲೆಯ ಮೇಜಿನಲ್ಲಿ ಕೂತು ಯಾವುದೋ ಊರಿನ ಬೋರ್ಡಿಗೆ ಬಣ್ಣ ಹಚ್ಚುತ್ತಿರುತ್ತೀಯ.

ಇನ್ನೊಂದು ಸಂಗತಿ ನನ್ನನ್ನು ಕೊರೆಯುತ್ತಿದೆ. 2023ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಮೊಬೈಲಿಗೆ ಬಂದಾಗ ಆಟಗಳು ಸುಧಾರಿಸಿದ್ದವು, ಹಳೆಯ ಬೆಳಕು, ಮಬ್ಬು ಮರಳಿದ್ದವು. 2024ರ ನವೆಂಬರಿನಲ್ಲಿ ಉಳಿದ ಯಂತ್ರಗಳಿಗೂ ಆ ಅಪ್‌ಡೇಟ್ ಬಂತು. ಆಗ ಆರಂಭದ ಪರದೆಯಿಂದ ಗ್ರೋವ್ ಸ್ಟ್ರೀಟ್ ಗೇಮ್ಸ್ ಹೆಸರನ್ನೇ ಎತ್ತಿಬಿಟ್ಟಿದ್ದರು. ಇದು ತಪ್ಪು ಸುಹಾಸ. ನಾವು ಬೋರ್ಡು ಮುಗಿಸಿದ ಮೇಲೆ ಕೆಳಗಿನ ಮೂಲೆಯಲ್ಲಿ ಸಣ್ಣಗೆ ಹೆಸರು ಬರೆಯುತ್ತಿದ್ದೆವು. ಚೆನ್ನಾಗಿದ್ದರೆ ಇನ್ನೊಂದು ಅಂಗಡಿಯವನು ಹುಡುಕಿಕೊಂಡು ಬರಲಿ, ಕೆಟ್ಟಿದ್ದರೆ ಬೈಯುವವನಿಗೂ ವಿಳಾಸ ಸಿಗಲಿ ಎಂದು. ಬೈಗುಳ ತಿನ್ನುವಾಗ ಇದ್ದ ಹೆಸರು ಕೆಲಸ ಸರಿಹೋದಾಗ ಮಾಯವಾದರೆ ಅದು ನ್ಯಾಯವೇ? ನೀನು ಬೈಯಬೇಕಾದ್ದು ಇದನ್ನು.

ಆರನೆಯ ಭಾಗಕ್ಕೆ ಬರುತ್ತೇನೆ. 2025ರ ಮೇ ತಿಂಗಳಲ್ಲಿ ಒಮ್ಮೆ, ನವೆಂಬರಿನಲ್ಲಿ ಮತ್ತೊಮ್ಮೆ ಮುಂದೂಡಿ 2026ರ ನವೆಂಬರ್ 19 ಎಂದಿದ್ದಾರೆ. ಅವಸರ ಮಾಡಿ ಕೆಡಿಸಿದರೆಂದು ಬೈದವನು ತಡ ಮಾಡಿದರೆಂದೂ ಬೈಯಬಾರದು. ಕಾಯು. ಮೊದಲ ದಿನವೇ ದುಡ್ಡು ಕಟ್ಟಬೇಡ, ಆಡಿದವರು ಏನನ್ನುತ್ತಾರೆ ನೋಡು, ಆಮೇಲೆ ಕೊಳ್ಳು. ನಂಬಿಕೆಯನ್ನು ಅವರು ಹೊಸದಾಗಿ ಗಳಿಸಲಿ.

ಅಲ್ಲಿಯವರೆಗೆ ನಿನಗೊಂದು ಕೆಲಸ ಹೇಳುತ್ತೇನೆ. ಹಳೆಯ ವೈಸ್ ಸಿಟಿಯ ಯಾವುದಾದರೂ ಒಂದು ಬೀದಿ ಆರಿಸಿಕೊ. ಅಲ್ಲಿನ ಬೋರ್ಡುಗಳನ್ನೆಲ್ಲ ಸ್ಕೇಲು, ಪೆನ್ಸಿಲು ಹಿಡಿದು ಕಾಗದದ ಮೇಲೆ ಬರೆ. ಅಕ್ಷರ ಎಷ್ಟು ದಪ್ಪ, ಎರಡರ ನಡುವೆ ಎಷ್ಟು ಜಾಗ, ಆ ಬಣ್ಣ ಯಾಕೆ ಹಾಕಿದರು ಎಂದು ಪಕ್ಕದಲ್ಲೇ ಗುರುತು ಮಾಡು. ಯುಗಾದಿಗೆ ಬರುವಾಗ ತೆಗೆದುಕೊಂಡು ಬಾ, ಇಬ್ಬರೂ ಕೂತು ತಿದ್ದೋಣ. ನಿಮ್ಮಮ್ಮನಿಗೆ ವಾರಕ್ಕೊಮ್ಮೆಯಾದರೂ ಫೋನ್ ಮಾಡು, ನನ್ನ ಹತ್ತಿರ ವಿಚಾರಿಸುತ್ತಿರುತ್ತಾಳೆ.

ಇತಿ ನಿನ್ನ ಪ್ರೀತಿಯ
ಮಾವ